ಮೆರುಗಿನ ಔಚಿತ್ಯ

ಮಣ್ಣಿನ ಬಟ್ಟಲೊಂದನ್ನು ಕೈಗೆತ್ತಿಕೊಂಡವರು ಮೊದಲು ನೋಡುವುದು ಅದರ ಬಣ್ಣವನ್ನು, ಆಮೇಲೆ ಆಕಾರವನ್ನು, ಕಟ್ಟಕಡೆಗೆ, ಅದೂ ನೆನಪಾದರೆ, ಅದರಿಂದ ಆಗಬೇಕಾದ ಕೆಲಸವನ್ನು. ಈ ಕ್ರಮ ತಲೆಕೆಳಗಾದುದು ಎಂಬುದೇ ಈ ಲೇಖನದ ವಾದ. ಕಾವ್ಯದ ವಿಷಯದಲ್ಲಿ ಇಂತಹ ತಪ್ಪೆಣಿಕೆಯನ್ನು ನಮ್ಮ ಲಾಕ್ಷಣಿಕರು ಬಹು ಹಿಂದೆಯೇ ಗುರುತಿಸಿದರು. ಅಲಂಕಾರ ಹೆಚ್ಚಿದಷ್ಟೂ ಕಾವ್ಯ ಮೇಲಾಯಿತೆಂದು ನಂಬಿದವರಿಗೆ 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚೆ’ಯಲ್ಲಿ ಉತ್ತರ ಹೇಳಿದನು. ಒಡವೆ ಎಷ್ಟೇ ಬೆಲೆಯುಳ್ಳದ್ದಾಗಲಿ, ತನ್ನ ಎಡೆಯಲ್ಲಿ ಇಲ್ಲದಿದ್ದರೆ ತೊಟ್ಟವರನ್ನು ನಗೆಗೀಡು ಮಾಡುತ್ತದೆ ಎಂಬುದು ಅವನ ನಿಲುವು. ಈ ಮಾತನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ಪಾಠ ಹೇಳುತ್ತೇನೆ. ಆದರೆ ಅದು ಅಕ್ಷರಶಃ ಜೀವನ್ಮರಣದ ಮಾತಾಗಬಹುದೆಂಬುದು ನನಗೆ ಮನವರಿಕೆಯಾದುದು ಕುಂಬಾರಿಕೆಯಿಂದ. ಕಾವ್ಯದಲ್ಲಿ ಔಚಿತ್ಯ ತಪ್ಪಿದರೆ ರಸಭಂಗವಾದೀತು, ಅಷ್ಟೆ. ಊಟದ ಬಟ್ಟಲಿನಲ್ಲಿ ತಪ್ಪಿದರೆ ಉಣ್ಣುವವನ ಹೊಟ್ಟೆಗೆ ಸೇರಬಾರದ ವಸ್ತು ಸೇರುತ್ತದೆ.

ನಾನು ವೃತ್ತಿಯಿಂದ ಕನ್ನಡ ಅಧ್ಯಾಪಕ. ಆದರೂ ಹತ್ತು ಹನ್ನೆರಡು ವರ್ಷಗಳಿಂದ ರಜೆಯ ದಿನಗಳನ್ನು ತಿಗರಿಯ ಮುಂದೆ ಕಳೆಯುತ್ತ ಬಂದಿದ್ದೇನೆ. ಕೆಲವು ವಿದ್ಯಾರ್ಥಿಗಳೂ ನನ್ನ ಜೊತೆಗೂಡಿದ್ದಾರೆ. ಬೆಂಗಳೂರು, ಮೈಸೂರುಗಳಲ್ಲಿ ಇಂದು ಮಣ್ಣಿನ ಕೆಲಸವನ್ನು ಕಲಿಸುವ ಮನೆಗಳು ಹಲವು ಹುಟ್ಟಿಕೊಂಡಿವೆ. ಮನೆಯ ಮಹಡಿಯ ಮೇಲೆ ಸಣ್ಣದೊಂದು ವಿದ್ಯುತ್ ಆವಿಗೆಯನ್ನಿಟ್ಟುಕೊಂಡು ಲೋಟ, ತಟ್ಟೆ, ಹೂದಾನಿಗಳನ್ನು ಸುಡುವವರು ಹೆಚ್ಚುತ್ತಿದ್ದಾರೆ. ವಿದ್ಯಾವಂತರಾದ ತರುಣರು ಕೈಗೆ ಮಣ್ಣು ಮೆತ್ತಿಕೊಳ್ಳಲು ನಾಚದಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಈ ಆವಿಗೆಗಳಿಂದ ಹೊರಬಂದ ಪಾತ್ರೆಗಳು ಮಾರಾಟಕ್ಕೆ ಬರುತ್ತಿವೆ. ಕೊಂಡವರು ಅವುಗಳಲ್ಲಿ ಉಣ್ಣುತ್ತಾರೆ, ಕುಡಿಯುತ್ತಾರೆ. ಆದುದರಿಂದ ಇದು ಇನ್ನು ಮೇಲೆ ಕೇವಲ ಹವ್ಯಾಸದ ಮಾತಲ್ಲ.

ಪಾತ್ರೆಗೆ ಕೊಡುವ ಮೆರುಗನ್ನು ಕಸಬಿನವರೆಲ್ಲ ‘ಗ್ಲೇಜ್’ ಎಂದೇ ಕರೆಯುತ್ತಾರೆ. ನಾನೂ ಆ ಮಾತನ್ನು ಬಳಸುತ್ತೇನೆ. ಗ್ಲೇಜ್ ಎಂದರೆ ಬಣ್ಣವಲ್ಲ, ಎಣ್ಣೆಯೂ ಅಲ್ಲ, ಅದು ಗಾಜು. ಪಾತ್ರೆಯ ಮೈಮೇಲೆಯೇ ಕರಗಿ, ಅದರ ಮೈಯನ್ನು ಕಚ್ಚಿಕೊಂಡು ತಣಿದ ತೆಳುವಾದ ಗಾಜು. ಗಾಜಿಗೆ ಮೂಲದ್ರವ್ಯ ಸಿಲಿಕ, ಎಂದರೆ ಬೆಣಚುಕಲ್ಲಿನ ಪುಡಿ. ಬರಿಯ ಬೆಣಚುಕಲ್ಲು ಕರಗಬೇಕಾದರೆ ಸುಮಾರು 1700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಷ್ಟು ಹೊತ್ತಿಗೆ ಪಾತ್ರೆಯೇ ಉಳಿದಿರುವುದಿಲ್ಲ. ಆದುದರಿಂದ ಅದನ್ನು ಬೇಗ ಕರಗಿಸುವ ದ್ರವ್ಯಗಳನ್ನು ಕೂಡಿಸಬೇಕು: ಸೋಡ, ಪೊಟ್ಯಾಷ್, ಸುಣ್ಣ, ಮೆಗ್ನೀಸಿಯ, ಸತು, ಬೋರಾನ್ ಇತ್ಯಾದಿ. ಕರಗಿದ ಗಾಜು ಪಾತ್ರೆಯ ಮೈಮೇಲಿಂದ ಜಾರಿ ಹೋಗದಂತೆ ಹಿಡಿದು ನಿಲ್ಲಿಸಲು ಅಲ್ಯೂಮಿನ ಬೇಕು. ಅದು ಚೀನಾಮಣ್ಣಿನಿಂದಲೂ ಫೆಲ್ಡ್‌ಸ್ಪಾರ್ ಕಲ್ಲಿನಿಂದಲೂ ದೊರೆಯುತ್ತದೆ. ಗಾಜಾಗುವುದು, ಕರಗಿಸುವುದು, ಹಿಡಿದು ನಿಲ್ಲಿಸುವುದು, ಈ ಮೂವರ ಹೊಂದಾಣಿಕೆಯೇ ಗ್ಲೇಜು. ಬಣ್ಣ ಕೊಡುವ ಕಬ್ಬಿಣ, ತಾಮ್ರ, ಕೋಬಾಲ್ಟ್‌ಗಳು ಆ ಮೇಲಿನ ಮಾತು. ಕೋಬಾಲ್ಟ್ ನೂರಕ್ಕೆ ಅರ್ಧ ಭಾಗವಿದ್ದರೂ ನೀಲಿ ಎದ್ದು ಕಾಣುತ್ತದೆ. ಕಣ್ಣಿಗೆ ಮೊದಲು ಬೀಳುವುದು ಈ ಅರ್ಧ ಭಾಗ. ಪಾತ್ರೆಯ ಗುಣವನ್ನು ನಿರ್ಣಯಿಸುವುದು ಉಳಿದ ತೊಂಬತ್ತೊಂಬತ್ತೂವರೆ.

ಇನ್ನು ಬೆಂಕಿಯ ವಿಚಾರ. ಹಳ್ಳಿಯ ಆವಿಗೆಯ ಕಾವು ಸಾಮಾನ್ಯವಾಗಿ 700ರಿಂದ 900 ಡಿಗ್ರಿಗಳ ಒಳಗೆ. ಚೀನ, ಜಪಾನುಗಳ ಹೆಸರುವಾಸಿಯಾದ ಸ್ಟೋನ್‌ವೇರ್ ಪಾತ್ರೆಗಳು 1280, 1300 ಡಿಗ್ರಿಗಳಲ್ಲಿ ಬೆಂದವು. ಇವೆರಡರ ನಡುವೆ, ಸುಮಾರು 1160ರಿಂದ 1240ರ ವರೆಗಿನದು ಮಧ್ಯಮದ ಬೆಂಕಿ. ಆವಿಗೆಯೊಳಗಿನ ಹದವನ್ನು ತಿಳಿಯಲು 1886ರಲ್ಲಿ ಜರ್ಮನಿಯ ಹರ್ಮನ್ ಜೇಗರನು ಒಂದು ಉಪಾಯ ಕಂಡುಹಿಡಿದನು. ಗೊತ್ತಾದ ಪಾಕದಲ್ಲಿ ಮಾಡಿದ ಸಣ್ಣ ಗೋಪುರಗಳನ್ನು ಆವಿಗೆಯಲ್ಲಿಟ್ಟರೆ, ಗೊತ್ತಾದ ಕಾವು ತಾಕಿದಾಗ ಅವು ತಲೆಬಾಗುತ್ತವೆ. 1896ರಲ್ಲಿ ಅಮೆರಿಕದ ಎಡ್ವರ್ಡ್ ಆರ್ಟನ್ ಇಂಥವನ್ನೇ ತಯಾರಿಸತೊಡಗಿದನು. ಇವಕ್ಕೆ ‘ಕೋನ್’ ಎಂದು ಹೆಸರು. ಮಧ್ಯಮದ ಬೆಂಕಿಯವರಿಗೆ ಆರನೆಯ ಕೋನ್ ದಾರಿದೀಪ. ಅದು ಬಾಗುವುದು ಸುಮಾರು 1220 ಡಿಗ್ರಿಯಲ್ಲಿ. ಗಮನಿಸಬೇಕಾದುದೇನೆಂದರೆ, ಕೋನ್ ಅಳೆಯುವುದು ಬರಿಯ ಶಾಖವನ್ನಲ್ಲ. ಎಷ್ಟು ಹೊತ್ತು ಎಷ್ಟು ಶಾಖ ತಾಕಿತೆಂಬುದನ್ನು. ಅನ್ನ ಬೆಂದಿತೇ ಎಂದು ತಿಳಿಯಲು ಒಲೆಯನ್ನು ನೋಡಿದರಾಗದು, ಅಗುಳನ್ನು ಹಿಸುಕಬೇಕು. ಕೋನ್ ಆವಿಗೆಯ ಅಗುಳು. ಆವಿಗೆಯ ಗೋಡೆಯ ಮೇಲೆ ಹೊಳೆಯುವ ಅಂಕಿಯನ್ನೇ ನಂಬಿ ಕೋನ್ ಇಡದವರನ್ನು ಕಂಡರೆ ನನಗೆ ಒಲೆಯನ್ನು ನೋಡಿ ಅನ್ನ ಬಸಿಯುವವರ ನೆನಪಾಗುತ್ತದೆ.

ಪಶ್ಚಿಮದಲ್ಲಿ ಈ ಮಧ್ಯಮದ ಬೆಂಕಿಗೆ ಬಳಕೆ ಹೆಚ್ಚಿದುದು ವಿದ್ಯುತ್ ಆವಿಗೆಗಳು ಮನೆಮನೆಗೆ ಬಂದಮೇಲೆ. 1970ರ ದಶಕದಲ್ಲಿ ಇಂಧನದ ಬೆಲೆ ಏರಿದಾಗ ಇನ್ನೂ ಹೆಚ್ಚಿತು. 1300 ಡಿಗ್ರಿಗೆ ಏರಿಸುವುದಕ್ಕಿಂತ 1220ಕ್ಕೆ ನಿಲ್ಲಿಸಿದರೆ ವಿದ್ಯುತ್ತೂ ಉಳಿಯಿತು, ಆವಿಗೆಯ ಕಾವುತಂತಿಗಳೂ ಹೆಚ್ಚುಕಾಲ ಬಾಳಿದವು. ಮೇಲಿನ ಬೆಂಕಿಯಲ್ಲಿ ಫೆಲ್ಡ್‌ಸ್ಪಾರ್ ಮತ್ತು ಸುಣ್ಣಕಲ್ಲುಗಳೇ ಬೆಣಚುಕಲ್ಲನ್ನು ಕರಗಿಸಬಲ್ಲವು. ಮಧ್ಯಮದ ಬೆಂಕಿಯಲ್ಲಿ ಅವಕ್ಕೆ ನೆರವು ಬೇಕು. ಆ ನೆರವು ಮುಖ್ಯವಾಗಿ ಬೋರಾನಿನದು. ನಮ್ಮ ಅಕ್ಕಸಾಲಿಗನು ಚಿನ್ನದ ಬೆಸುಗೆಗೆ ಬಳಸುವ ಬಿಳಿಗಾರದಲ್ಲಿರುವುದೂ ಇದೇ ಬೋರಾನ್. ಬಿಳಿಗಾರ ನೀರಿನಲ್ಲಿ ಕರಗಿಹೋಗುವುದರಿಂದ ಅದನ್ನು ನೇರವಾಗಿ ಗ್ಲೇಜಿಗೆ ಬೆರೆಸುವುದು ಕಷ್ಟ. ಮೊದಲೇ ಬೆಣಚುಕಲ್ಲು ಮೊದಲಾದವುಗಳೊಡನೆ ಕರಗಿಸಿ, ಗಾಜು ಮಾಡಿ, ಪುಡಿಗೈದು ಮಾರುತ್ತಾರೆ. ಅದಕ್ಕೆ ‘ಫ್ರಿಟ್’ ಎಂದು ಹೆಸರು. ಅಂತೂ ಆಭರಣದ ಗುಟ್ಟೂ ಬಟ್ಟಲಿನ ಗುಟ್ಟೂ ಒಂದೇ ಡಬ್ಬಿಯಲ್ಲಿವೆ ಎಂದಾಯಿತು.

ಇಷ್ಟು ಪೀಠಿಕೆಯ ಮೇಲೆ ಔಚಿತ್ಯದ ಮಾತಿಗೆ ಬರುತ್ತೇನೆ. ಗ್ಲೇಜನ್ನು ಆರಿಸುವವನು ಮೂರು ಔಚಿತ್ಯಗಳನ್ನು ನೋಡಬೇಕೆಂದು ನನ್ನ ಅಭಿಪ್ರಾಯ: ಮೈಗೆ ತಕ್ಕುದೇ, ಬಳಕೆಗೆ ತಕ್ಕುದೇ, ಬೆಂಕಿಗೆ ತಕ್ಕುದೇ ಎಂದು. ಬಣ್ಣ ನಾಲ್ಕನೆಯದು.

ಮೈಯ ಔಚಿತ್ಯ ಮೊದಲನೆಯದು. ಪಾತ್ರೆಯೂ ಗ್ಲೇಜೂ ಆವಿಗೆಯಲ್ಲಿ ಜೊತೆಯಾಗಿ ಕಾಯುತ್ತವೆ, ಜೊತೆಯಾಗಿ ತಣಿಯುತ್ತವೆ, ತಣಿಯುವಾಗ ಕುಗ್ಗುತ್ತವೆ. ಗ್ಲೇಜು ಪಾತ್ರೆಗಿಂತ ಕೊಂಚ ಕಡಿಮೆ ಕುಗ್ಗಿದರೆ ಒಳ್ಳೆಯದು; ಮೈ ಅದನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ, ಪಾತ್ರೆ ಗಟ್ಟಿಯಾಗುತ್ತದೆ. ತೀರ ಕಡಿಮೆ ಕುಗ್ಗಿದರೆ ಅಂಚುಗಳಲ್ಲಿ ಚಕ್ಕೆಯೆದ್ದು ಉದುರುತ್ತದೆ. ಹೆಚ್ಚು ಕುಗ್ಗಿದರೆ ಎಳೆತ ತಾಳಲಾರದೆ ಜೇಡರ ಬಲೆಯಂತೆ ಸೀಳು ಬಿಡುತ್ತದೆ. ಈ ಬಲೆ ನೋಡಲು ಚೆಲುವೆಂದು ಕೆಲವರು ಹೊಗಳುತ್ತಾರೆ. ಹೂದಾನಿಯ ಹೊರಮೈಯಲ್ಲಿ ನಾನೂ ಹೊಗಳಿಯೇನು. ಊಟದ ಬಟ್ಟಲಿನ ಒಳಮೈಯಲ್ಲಿ ಅದು ಕೊಳೆ ಸೇರುವ ದಾರಿ. ಜೊತೆಗೆ ಪಾತ್ರೆಯ ಬಲವನ್ನೂ ಕುಂದಿಸುತ್ತದೆ. ಪರಿಹಾರವೇನೂ ಗಹನವಲ್ಲ: ಸೋಡ, ಪೊಟ್ಯಾಷ್‌ಗಳನ್ನು ಕೊಂಚ ತಗ್ಗಿಸಿ ಬೋರಾನನ್ನೋ ಮೆಗ್ನೀಸಿಯವನ್ನೋ ಏರಿಸಬೇಕು, ಇಲ್ಲವೆ ಬೆಣಚುಕಲ್ಲಿನ ಪಾಲನ್ನು ಹೆಚ್ಚಿಸಬೇಕು.

ಇದಕ್ಕಿಂತ ದೊಡ್ಡ ಅನೌಚಿತ್ಯವೊಂದಿದೆ. ಅದು ಕಣ್ಣಿಗೆ ಕಾಣದು. 1300 ಡಿಗ್ರಿಗೆ ಹದವಾಗುವ ಜೇಡಿಯನ್ನು 1220ಕ್ಕೆ ಸುಟ್ಟು ಅದರ ಮೇಲೆ ಮಧ್ಯಮದ ಗ್ಲೇಜನ್ನು ಬಳಿದರೆ ಗ್ಲೇಜು ಕರಗಿ ಕನ್ನಡಿಯಂತೆ ಹೊಳೆಯುತ್ತದೆ. ಒಳಗಿನ ಮೈ ಮಾತ್ರ ಅರೆಬೆಂದು ನೀರು ಕುಡಿಯುವ ಸ್ಥಿತಿಯಲ್ಲೇ ಉಳಿಯುತ್ತದೆ. ಅಂಥ ಲೋಟವನ್ನು ಮೇಜಿನ ಮೇಲಿಟ್ಟರೆ ಬೆಳಗಾಗುವುದರೊಳಗೆ ಅಡಿಯಲ್ಲಿ ಒದ್ದೆಯ ಉಂಗುರ ಮೂಡುತ್ತದೆ. ಪರೀಕ್ಷೆ ಸುಲಭ. ಗ್ಲೇಜಿಲ್ಲದೆ ಸುಟ್ಟ ತುಂಡೊಂದನ್ನು ತೂಗಿ, ನೀರಿನಲ್ಲಿ ಕೆಲವು ಗಂಟೆ ಕುದಿಸಿ, ನೆನೆಯಿಟ್ಟು, ಒರಸಿ ಮತ್ತೆ ತೂಗಬೇಕು. ತೂಕ ನೂರಕ್ಕೆ 2, 3ಕ್ಕಿಂತ ಹೆಚ್ಚಾದರೆ ಆ ಮಣ್ಣು ಆ ಬೆಂಕಿಗೆ ಸಲ್ಲದು. ಜೇಡಿ ಮಾರುವವನ ಮಾತಿಗಿಂತ ತಕ್ಕಡಿಯ ಮಾತು ಮೇಲು.

ಎರಡನೆಯದು ಬಳಕೆಯ ಔಚಿತ್ಯ. ಇಲ್ಲಿ ನಮ್ಮ ನಾಡಿನವರು ವಿಶೇಷವಾಗಿ ಎಚ್ಚರದಿಂದಿರಬೇಕಾದ ಕಾರಣವಿದೆ. ನಮ್ಮ ಊಟವೆಂದರೆ ಹುಳಿಯ ಊಟ. ಹುಣಿಸೆಹಣ್ಣು, ನಿಂಬೆ, ಮಾವಿನಕಾಯಿ, ಕರಾವಳಿಯ ಪುನರ್ಪುಳಿ, ಮೊಸರು, ಮಜ್ಜಿಗೆ, ಇವುಗಳಲ್ಲಿ ಒಂದಾದರೂ ಇಲ್ಲದ ಹೊತ್ತಿನ ಊಟ ಅಪರೂಪ. ಹುಳಿ ಗಾಜನ್ನು ಪರೀಕ್ಷಿಸುತ್ತದೆ. ಪಾಕ ಸಮತೂಕದ್ದಾಗಿ, ಚೆನ್ನಾಗಿ ಕರಗಿದ ಗ್ಲೇಜು ಹುಳಿಗೆ ಜಗ್ಗುವುದಿಲ್ಲ. ಸಿಲಿಕ, ಅಲ್ಯೂಮಿನಗಳು ಸಾಲದೆ ಇದ್ದರೆ, ಅಥವಾ ಬಣ್ಣದ ಲೋಹವನ್ನು ಗಾಜು ತಾಳುವುದಕ್ಕಿಂತ ಹೆಚ್ಚು ತುಂಬಿದ್ದರೆ, ಹುಳಿ ಆ ಲೋಹವನ್ನು ಮೆಲ್ಲಗೆ ಬಿಡಿಸಿಕೊಂಡು ಊಟಕ್ಕೆ ಸೇರಿಸುತ್ತದೆ. ನವಿಲುಬಣ್ಣದ ಮಂದಹೊಳಪಿನ ತಾಮ್ರದ ಗ್ಲೇಜುಗಳಲ್ಲಿ ಈ ದೋಷ ಹೆಚ್ಚು. ಹಿಂದೆ ಕೆಳಗಿನ ಬೆಂಕಿಯ ಮೆರುಗಿಗೆ ಸೀಸವನ್ನು ಧಾರಾಳವಾಗಿ ಬಳಸುತ್ತಿದ್ದರು. ಅದು ವಿಷವೆಂದು ಇಂದು ಬಲ್ಲದವರಿಲ್ಲ. ಮಧ್ಯಮದ ಬೆಂಕಿಗೆ ಸೀಸದ ಅಗತ್ಯವೇ ಇಲ್ಲ. ಇದು ಈ ಬೆಂಕಿಯ ದೊಡ್ಡ ಪುಣ್ಯ. ಆದರೆ ಸೀಸವಿಲ್ಲವೆಂದ ಮಾತ್ರಕ್ಕೆ ನಿರ್ದೋಷವೆನ್ನುವಂತಿಲ್ಲ. ಬೇರಿಯಂ, ಹೆಚ್ಚಿನ ಪ್ರಮಾಣದ ಮ್ಯಾಂಗನೀಸ್, ಇವೂ ಊಟದ ಪಾತ್ರೆಯ ಒಳಮೈಗೆ ಸಲ್ಲತಕ್ಕವಲ್ಲ.

ನಮ್ಮ ಅಜ್ಜಿಯರ ಉಪ್ಪಿನಕಾಯಿ ಜಾಡಿಯನ್ನು ನೆನಪಿಸಿಕೊಳ್ಳಿ. ಮೇಲರ್ಧ ಕಂದು, ಕೆಳಗರ್ಧ ಕೆನೆಬಣ್ಣ. ಚೆಲುವಿನ ಗೊಡವೆಯೇ ಇಲ್ಲದ ಪಾತ್ರೆ. ಉಪ್ಪು, ಹುಳಿ, ಖಾರ, ಎಣ್ಣೆ, ಈ ನಾಲ್ವರೂ ವರ್ಷವಿಡೀ ಅದರೊಳಗೆ ಕುಳಿತು ಜಗಳವಾಡಿದರೂ ಅದರ ಒಳಮೈಗೆ ಗೀರು ಬೀಳಲಿಲ್ಲ. ಉಪ್ಪಿನಕಾಯಿಗೆ ಜಾಡಿಯ ರುಚಿ ಹತ್ತಲಿಲ್ಲ. ಆ ಜಾಡಿಯನ್ನು ಮಾಡಿದ ಕಾರ್ಖಾನೆಯ ಕೆಲಸಗಾರರ ಹೆಸರು ಯಾರಿಗೂ ತಿಳಿಯದು. ಯಾವ ಪ್ರದರ್ಶನದಲ್ಲಿಯೂ ಅದನ್ನಿಡಲಿಲ್ಲ. ಆದರೂ ಔಚಿತ್ಯದ ದೃಷ್ಟಿಯಿಂದ ನಾನು ಕಂಡ ಪಾತ್ರೆಗಳಲ್ಲಿ ಅದಕ್ಕೆ ಅಗ್ರಪೂಜೆ ಸಲ್ಲಬೇಕು. ಈಚೆಗೆ ನಗರದ ಪ್ರದರ್ಶನವೊಂದರಲ್ಲಿ ಸೊಗಸಾದ ಹಸಿರು ಬಟ್ಟಲೊಂದನ್ನು ಹಿಡಿದು, “ಇದರಲ್ಲಿ ಮಜ್ಜಿಗೆಹುಳಿ ಬಡಿಸಬಹುದೇನಮ್ಮ?” ಎಂದು ಮಾರಾಟಕ್ಕೆ ನಿಂತಿದ್ದ ತರುಣಿಯನ್ನು ಕೇಳಿದೆ. “ಬಡಿಸಬಹುದು ಸಾರ್, ಬಾಟಲಿಯ ಮೇಲೆ ಊಟಕ್ಕೆ ಯೋಗ್ಯ ಅಂತಲೇ ಬರೆದಿದೆ” ಎಂದಳು. ಉತ್ತರ ಪ್ರಾಮಾಣಿಕವಾದುದೇ. ಆದರೆ ಅದು ಬಾಟಲಿಯ ವಿಚಾರದ ಉತ್ತರ. ನಾನು ಕೇಳಿದುದು ಬಟ್ಟಲಿನ ವಿಚಾರ.

ಇವೆರಡಕ್ಕೂ ಇರುವ ಅಂತರವೇ ಮೂರನೆಯ ಔಚಿತ್ಯ, ಬೆಂಕಿಯದು. ಸಿದ್ಧಪಡಿಸಿದ ಗ್ಲೇಜುಗಳನ್ನು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಎಲ್ಲರೂ ಸ್ವಂತ ಪಾಕ ಮಾಡಿಕೊಳ್ಳಲಾರರು. ಆದರೆ ಬಾಟಲಿಯ ಮೇಲಿನ ಬರಹ ಒಂದು ಷರತ್ತಿನ ಮಾತು. ಹೇಳಿದ ಕೋನಿಗೆ ಸುಟ್ಟರೆ, ಹೇಳಿದಷ್ಟು ದಪ್ಪ ಬಳಿದರೆ, ಬೇರೊಂದರ ಜೊತೆ ಬೆರೆಸದಿದ್ದರೆ ಮಾತ್ರ ಅದು ನಿಜ. ನಾಲ್ಕನೆಯ ಕೋನಿಗೇ ಆವಿಗೆ ನಿಂತರೆ ಆರನೆಯ ಕೋನಿನ ಗ್ಲೇಜು ಪೂರ್ತಿ ಕರಗುವುದಿಲ್ಲ. ಕರಗದ ಗ್ಲೇಜಿಗೆ ಒಂದು ಬಗೆಯ ಮಂದಹೊಳಪು ಬರುತ್ತದೆ. ಅದನ್ನು ಕಂಡು ಹಿಗ್ಗುವವರಿದ್ದಾರೆ. ನಿಜವಾದ ಮಂದಹೊಳಪು ಬೇರೆ. ಅದು ಅಲ್ಯೂಮಿನ, ಮೆಗ್ನೀಸಿಯಗಳ ಪ್ರಮಾಣದಿಂದಲೋ, ಆವಿಗೆ ನಿಧಾನವಾಗಿ ತಣಿಯುವಾಗ ಮೂಡುವ ಸೂಕ್ಷ್ಮ ಹರಳುಗಳಿಂದಲೋ ಬರತಕ್ಕದ್ದು. ಅದೇ ತುಂಡನ್ನು ಇನ್ನೂ ಒಂದು ಕೋನ್ ಮೇಲಕ್ಕೆ ಸುಟ್ಟು ನೋಡಿದರೆ ಕರಗದ ಕಪಟ ಬಯಲಾಗುತ್ತದೆ.

ಒಂದರ ಮೇಲೊಂದು ಗ್ಲೇಜನ್ನು ಬಳಿದು ಹರಿಸುವುದು ಈಗಿನ ಮೋಹ. ಎರಡೂ ನಿರ್ದೋಷವಾದವಾದರೆ ಅವುಗಳ ಕೂಟವೂ ನಿರ್ದೋಷವೆಂಬುದು ಅವರ ನಂಬಿಕೆ. ಇದಕ್ಕೆ ಉತ್ತರ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿದೆ. ಕನ್ನಡ ಪದವೂ ಶುದ್ಧ, ಸಂಸ್ಕೃತ ಪದವೂ ಶುದ್ಧ. ಎರಡನ್ನೂ ಲೆಕ್ಕಿಸದೆ ಕೂಡಿಸಿದರೆ ಅರಿಸಮಾಸ. ಗ್ಲೇಜಿನಲ್ಲಿಯೂ ಅರಿಸಮಾಸವುಂಟು. ಎರಡು ಪಾಕಗಳು ಕೂಡಿ ಕರಗಿದಾಗ ಹುಟ್ಟುವುದು ಮೂರನೆಯದೊಂದು ಪಾಕ. ಅದರ ಗುಣ ತಾಯಿತಂದೆಗಳ ಗುಣವಾಗಿರಬೇಕೆಂಬ ನಿಯಮವಿಲ್ಲ. ಕೆಲವು ಅರಿಸಮಾಸಗಳು ರೂಢಿಯ ಬಲದಿಂದ ಸಲ್ಲುವಂತೆ, ಕೆಲವು ಕೂಟಗಳೂ ಪರೀಕ್ಷೆಯ ಬಲದಿಂದ ಸಲ್ಲಬಹುದು. ಪರೀಕ್ಷೆಯಾಗುವ ವರೆಗೆ ಅವುಗಳ ಎಡೆ ಬಟ್ಟಲಿನ ಹೊರಮೈ, ತುಟಿ ತಾಕದ ಕಡೆ.

ಪರೀಕ್ಷೆಗಳು ಯಾವುವು? ವಿದ್ಯಾರ್ಥಿಗಳಿಗೆ ನಾನು ಹೇಳುವವು ಇವು. ಹೊಸ ಗ್ಲೇಜನ್ನು ಮೊದಲು ನೆಟ್ಟಗೆ ನಿಲ್ಲುವ ಸಣ್ಣ ಬಿಲ್ಲೆಗಳ ಮೇಲೆ ತೆಳುವಾಗಿ, ಮಧ್ಯಮವಾಗಿ, ದಪ್ಪವಾಗಿ ಬಳಿದು ಸುಡಬೇಕು. ಮಲಗಿಸಿ ಸುಟ್ಟ ಬಿಲ್ಲೆ ಗ್ಲೇಜು ಜಾರುವುದನ್ನು ಮುಚ್ಚಿಡುತ್ತದೆ. ಸುಟ್ಟ ಬಿಲ್ಲೆಯ ಮೇಲೆ ನಿಂಬೆಹಣ್ಣಿನ ಹೋಳನ್ನು ಒಂದು ರಾತ್ರಿ ಮಗುಚಿಡಬೇಕು. ಇನ್ನೊಂದು ಬಿಲ್ಲೆಯನ್ನು ಅರ್ಧ ಮುಳುಗುವಂತೆ ವಿನೆಗರಿನಲ್ಲಿ ಮೂರು ದಿನ ನಿಲ್ಲಿಸಬೇಕು. ತೊಳೆದಮೇಲೆ ಬಣ್ಣ ಮಾಸಿದ್ದರೆ, ಹೊಳಪು ಕುಂದಿದ್ದರೆ, ಆ ಗ್ಲೇಜನ್ನು ಊಟಕ್ಕೆ ಬಳಸಬೇಡಿ. ಬಟ್ಟಲನ್ನು ಒಂದು ರಾತ್ರಿ ಶೀತಪೆಟ್ಟಿಗೆಯ ಹಿಮದ ಅರೆಯಲ್ಲಿಟ್ಟು, ತೆಗೆದು ತೊಟ್ಟಿಯಲ್ಲಿರಿಸಿ, ಕುದಿಯುವ ನೀರು ಹೊಯ್ಯಬೇಕು. ಬಳಿಕ ಶಾಯಿ ಸವರಿ ಒರಸಿದರೆ ಅಡಗಿದ್ದ ಸೀಳುಗಳು ಬರೆದಂತೆ ಎದ್ದುಬರುತ್ತವೆ. ಬಣ್ಣ ಮಾಸದಿದ್ದ ಮಾತ್ರಕ್ಕೆ ಯಾವ ಲೋಹವೂ ಬಿಡಲಿಲ್ಲವೆಂದು ಹೇಳಲಾಗದು. ನಿಂಬೆಹಣ್ಣು ದೋಷಿಯನ್ನು ಹಿಡಿಯಬಲ್ಲದು, ನಿರ್ದೋಷಿಯೆಂದು ತೀರ್ಪು ಕೊಡಲಾರದು. ಆದುದರಿಂದ ಮಾರುವವರು ತಮ್ಮ ಪಾತ್ರೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲೇಬೇಕು. ರಾನ್ ರಾಯ್ ಮತ್ತು ಜಾನ್ ಹೆಸಲ್‌ಬರ್ತ್ ಎಂಬವರು ಆರನೆಯ ಕೋನಿನ ಗ್ಲೇಜುಗಳನ್ನು ಕುರಿತು 2002ರಲ್ಲಿ ಪ್ರಕಟಿಸಿದ ಪುಸ್ತಕದ ಮುಖ್ಯ ಕಳಕಳಿಯೂ ಬಣ್ಣವಲ್ಲ, ಬಾಳಿಕೆ.

ಬಳಿಯುವ ಕ್ರಮಕ್ಕೂ ಔಚಿತ್ಯವಿದೆ. ಸುಮಾರು 1000 ಡಿಗ್ರಿಗೆ ಮೊದಲ ಸಲ ಸುಟ್ಟ ಪಾತ್ರೆಯನ್ನು ಒದ್ದೆಬಟ್ಟೆಯಿಂದ ಒರಸಿ ಧೂಳು ತೆಗೆಯಬೇಕು; ಧೂಳಿದ್ದ ಕಡೆ, ಬೆರಳಿನ ಜಿಡ್ಡಿದ್ದ ಕಡೆ ಗ್ಲೇಜು ಸರಿದು ಮೈ ಬರಿದಾಗುತ್ತದೆ. ಗ್ಲೇಜನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ ನೀರಾಗಿಯೂ ಅಲ್ಲ, ಗಂಜಿಯಾಗಿಯೂ ಅಲ್ಲ, ಗಟ್ಟಿಹಾಲಿನ ಹದಕ್ಕೆ ತರಬೇಕು. ಒಂದು ಲೀಟರು 1400ರಿಂದ 1500 ಗ್ರಾಂ ತೂಗಿದರೆ ಸಾಮಾನ್ಯವಾಗಿ ಹದ ಸರಿ. ಮುಳುಗಿಸಿ ಮೂರು ಎಣಿಸುವುದರೊಳಗೆ ಎತ್ತಬೇಕು. ಅಡಿಯ ಅಂಚನ್ನು ಒರಸಿ ಬರಿದಾಗಿಸಬೇಕು, ಇಲ್ಲದಿದ್ದರೆ ಪಾತ್ರೆ ಆವಿಗೆಯ ಹಲಗೆಗೆ ಅಂಟಿ ಅದರೊಡನೆಯೇ ಉಳಿಯುತ್ತದೆ. ಇನ್ನೊಂದು ಮಾತು, ಇದು ಮಿಕ್ಕೆಲ್ಲಕ್ಕಿಂತ ಮುಖ್ಯವಾದುದು: ಬೆಣಚುಕಲ್ಲಿನ ಧೂಳು ಶ್ವಾಸಕೋಶವನ್ನು ಸೇರಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ ಬರುತ್ತದೆ. ಒಣಪುಡಿ ಬೆರೆಸುವಾಗ ತಕ್ಕ ಮುಖವಾಡ ಇರಲೇಬೇಕು. ಕೆಲಸದ ಕೋಣೆಯನ್ನು ಪೊರಕೆಯಿಂದ ಗುಡಿಸಬಾರದು, ಒದ್ದೆಬಟ್ಟೆಯಿಂದ ಒರಸಬೇಕು. ಇದನ್ನು ಹೇಳದೆ ಗ್ಲೇಜಿನ ಪಾಠವನ್ನು ಆರಂಭಿಸುವ ಅಧ್ಯಾಪಕನು, ಅವನ ಕೈಚಳಕ ಎಂಥದ್ದೇ ಇರಲಿ, ಕಲಿಸಲು ಅರ್ಹನಲ್ಲ.

ನನ್ನ ಈ ಪಕ್ಷಪಾತಕ್ಕೆ ಎರಡು ಕಡೆಗಳಿಂದ ಆಕ್ಷೇಪ ಬರುತ್ತದೆ. ಮೊದಲನೆಯವರು ಮೇಲಿನ ಬೆಂಕಿಯ ಉಪಾಸಕರು. ಬರ್ನಾರ್ಡ್ ಲೀಚ್ 1940ರಲ್ಲಿ ಬರೆದ ಕುಂಬಾರಿಕೆಯ ಪುಸ್ತಕವನ್ನು ಓದಿ ಬೆಳೆದವರು. ನಮ್ಮ ದೇಶದಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಪಾಂಡಿಚೇರಿಯಲ್ಲಿ ತೊಡಗಿಸಿದ ಗೋಲ್ಡನ್ ಬ್ರಿಜ್ ಕುಂಬಾರಿಕೆಯ ಹಿರಿಮೆಯನ್ನು ಬಲ್ಲವರು. ಹೊಗೆ ತುಂಬಿದ ಬೆಂಕಿಯಲ್ಲಿ ಹುಟ್ಟುವ ಚೀನದ ತಿಳಿಹಸಿರು, ತಾಮ್ರದ ಕೆಂಪು, ಇವು ನಿಮ್ಮ ವಿದ್ಯುತ್ ಪೆಟ್ಟಿಗೆಯಲ್ಲಿ ಹುಟ್ಟಿಯಾವೇ ಎಂದು ಅವರ ಪ್ರಶ್ನೆ. ಹುಟ್ಟಲಾರವು, ಒಪ್ಪಿದೆ. ಆದರೆ ರಗಳೆಯಲ್ಲಿ ಚಂಪುವಿನ ಗಾಂಭೀರ್ಯವಿಲ್ಲವೆಂದು ಹರಿಹರನನ್ನು ಯಾರಾದರೂ ದೂರಿದರೆ ನಾವು ಒಪ್ಪುತ್ತೇವೆಯೆ? ಮಧ್ಯಮದ ಬೆಂಕಿಗೆ ತನ್ನದೇ ಬಣ್ಣಗಳಿವೆ: ಕಬ್ಬಿಣದಿಂದ ಜೇನುಬಣ್ಣ ಮೊದಲಾಗಿ ಕಾಡಿಗೆಯ ಕಪ್ಪಿನ ವರೆಗೆ, ತಾಮ್ರದಿಂದ ಎಲೆಹಸಿರು, ತವರದಿಂದ ಮೊಸರಿನ ಬಿಳುಪು. ಅದು ಮೇಲಿನ ಬೆಂಕಿಯ ಅನುಕರಣೆಗೆ ಹೊರಟಾಗಲೆಲ್ಲ ಸೋತಿದೆ. ತನ್ನ ದನಿಯಲ್ಲಿ ಮಾತನಾಡಿದಾಗ ಸೋತುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಗುಂಡಯ್ಯನು ಗಡಿಗೆಯನ್ನು ಬಡಿದ ಸದ್ದಿಗೆ ಶಿವನೇ ಕುಣಿದನೆಂದು ಕುಂಬಾರ ಗುಂಡಯ್ಯನ ರಗಳೆ ಸಾರುವ ನಾಡಿನಲ್ಲಿ, ಕೆರೆಯ ಮಣ್ಣನ್ನು ಬಿಟ್ಟು ಎಲ್ಲಿಂದಲೋ ತಂದ ಜೇಡಿಗೆ ಎಲ್ಲಿಂದಲೋ ತಂದ ಗಾಜನ್ನು ಬಳಿಯುವುದು ಏತಕ್ಕೆ ಎಂದು ಕೆಲವರು ಕೇಳುತ್ತಾರೆ. ನೀರಿನ ಹೂಜಿಯ ವಿಷಯದಲ್ಲಿ ಅವರ ಮಾತು ಪೂರ್ತಿ ಸರಿ. ಹೂಜಿ ಬೆವರುವುದರಿಂದಲೇ ಅದರ ನೀರು ತಂಪು. ಅದಕ್ಕೆ ಮೆರುಗು ಕೊಡುವುದು ಅದರ ಉಸಿರು ಕಟ್ಟಿಸಿದಂತೆ. ಆದರೆ ಮಜ್ಜಿಗೆಯ ಬಟ್ಟಲು ಉಸಿರಾಡಬಾರದು. ಅದಕ್ಕೆ ಬೆಂದ ಮೈ ಬೇಕು, ಮುಚ್ಚಿದ ಮೈ ಬೇಕು. ಕೆರೆಯ ಕೆಂಪುಮಣ್ಣು ಆ ಬೆಂಕಿಯನ್ನು ತಾಳಲಾರದು; 1200 ಡಿಗ್ರಿ ಸಮೀಪಿಸುತ್ತಿದ್ದಂತೆ ಅದು ಬೆಲ್ಲದಂತೆ ಕುಸಿದು ಕರಗುತ್ತದೆ.

ಇಲ್ಲಿಯೇ ನನಗೆ ಬಲು ಹರ್ಷ ಕೊಟ್ಟ ಸಂಗತಿಯೊಂದಿದೆ. ನಮ್ಮ ಊರಿನ ಸಮೀಪದ ಹಳ್ಳಿಯ ವೃದ್ಧ ಕುಂಬಾರರೊಬ್ಬರಿಗೆ ಕೆರೆಮಣ್ಣು ನಮ್ಮ ಆವಿಗೆಗೆ ನಿಲ್ಲುವುದಿಲ್ಲವೆಂದು ಹೇಳಿದಾಗ ಅವರು, “ಹಂಗಾರೆ ನಮ್ಮ ಮಣ್ಣು ನಿಮಗೆ ಏತಕ್ಕೂ ಬಾರದು ಅನ್ನಿ, ಮೇಷ್ಟ್ರೇ” ಎಂದರು. ಮಾತಿನಲ್ಲಿ ನೋವಿತ್ತು. “ಇಲ್ಲ ಯಜಮಾನರೇ, ಮಡಕೆಗೆ ಬಾರದ್ದು ಮೆರುಗಿಗೆ ಬರುತ್ತದೆ” ಎಂದು ನಾನು ಅವರಿಂದ ಒಂದು ಬುಟ್ಟಿ ಮಣ್ಣನ್ನೂ, ಒಂದು ಬುಟ್ಟಿ ಒಡೆದ ಮಡಕೆಯ ಚೂರುಗಳನ್ನೂ ಬೇಡಿ ತಂದೆ. ಬೇಗ ಕರಗುವುದು ಪಾತ್ರೆಯ ಮೈಗೆ ದೋಷ; ಗ್ಲೇಜಿಗೆ ಅದೇ ಗುಣವಲ್ಲವೆ? ಸಿಲಿಕ, ಅಲ್ಯೂಮಿನ, ಕಬ್ಬಿಣ ಮೂರೂ ಅದರಲ್ಲಿ ಮೊದಲೇ ಇವೆ. ಬರಿಯ ಹಸಿಮಣ್ಣನ್ನು ಬಳಿದರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ. ಆದುದರಿಂದ ಅರ್ಧದಷ್ಟು ಸುಟ್ಟ ಮಣ್ಣಿರಬೇಕು. ಒಡೆದ ಮಡಕೆ ಸುಟ್ಟ ಮಣ್ಣಲ್ಲದೆ ಮತ್ತೇನು? ಚೂರುಗಳನ್ನು ಕುಟ್ಟಿ, ನುಣ್ಣಗೆ ಅರೆದು, ಹಸಿಮಣ್ಣಿನೊಡನೆ ಬೆರೆಸಿ ಎಂಬತ್ತು ಭಾಗ ಮಾಡಿ, ಇಪ್ಪತ್ತು ಭಾಗ ಬೋರಾನಿನ ಫ್ರಿಟ್ ಸೇರಿಸಿ 1220ಕ್ಕೆ ಸುಟ್ಟೆವು. ಹುಣಿಸೆಬೀಜದ ಬಣ್ಣದ, ತುಂಬು ಹೊಳಪಿನ ಗ್ಲೇಜು ದೊರೆಯಿತು. ನಿಂಬೆಹಣ್ಣಿನ ರಾತ್ರಿಯನ್ನೂ ವಿನೆಗರಿನ ಮೂರು ದಿನಗಳನ್ನೂ ಅದು ದಾಟಿತು. ಬಟ್ಟಲನ್ನು ಯಜಮಾನರ ಕೈಗಿತ್ತಾಗ ಅವರು ಬಣ್ಣವನ್ನು ನೋಡಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿದರು, ಅಡಿಯನ್ನು ಸವರಿದರು, ಆಮೇಲೆ, “ಇದು ನಮ್ಮದೇ” ಎಂದರು.

ಈ ಪಾಕ ಎಲ್ಲ ಕೆರೆಗಳಿಗೂ ಹೊಂದುವುದೆಂದು ನಾನು ಹೇಳಲಾರೆ. ಕೆರೆಯಿಂದ ಕೆರೆಗೆ ಮಣ್ಣು ಬೇರೆ; ಫ್ರಿಟ್ಟಿನ ಪಾಲು ಹೆಚ್ಚುಕಡಿಮೆಯಾಗಬೇಕಾದೀತು. ಭತ್ತದ ಹೊಟ್ಟಿನ ಬೂದಿಯಲ್ಲಿ ನೂರಕ್ಕೆ 85ರಿಂದ 95 ಭಾಗ ಸಿಲಿಕ. ಸೌದೆಯ ಬೂದಿಯಲ್ಲಿ ಸುಣ್ಣ ಹೇರಳ. ಇವನ್ನೂ ಸೇರಿಸಿ ನೋಡಬಹುದು. ಆದರೆ ಈ ಕೆಲಸ ಒಬ್ಬಿಬ್ಬರ ರಜೆಯ ದಿನಗಳಿಂದ ಮುಗಿಯತಕ್ಕದ್ದಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯಿದೆ. ಕಾಲೇಜುಗಳಲ್ಲಿ ರಸಾಯನಶಾಸ್ತ್ರದ ಪ್ರಯೋಗಶಾಲೆಗಳಿವೆ. ಹಳ್ಳಿಗಳಲ್ಲಿ ಮಣ್ಣನ್ನು ಬಾಯಿಗೆ ಹಾಕಿಕೊಂಡು ಗುಣ ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಈ ಮೂವರೂ ಒಂದು ಮೇಜಿನ ಸುತ್ತ ಕುಳಿತು ಹತ್ತು ಕೆರೆಗಳ ಮಣ್ಣನ್ನಾದರೂ ಪರೀಕ್ಷಿಸಿ, ಫಲಿತಾಂಶವನ್ನು ಸರಳವಾದ ಕನ್ನಡದಲ್ಲಿ ಬರೆದಿಟ್ಟರೆ, ಯಾರ ಮಗನಿಗೆ ತಿಗರಿ ಇಂದು ಅನ್ನ ಕೊಡಲಾರದೆ ಹೋಗುತ್ತಿದೆಯೋ ಅವರಿಗೆ ಅದು ಹೊಸ ಬದುಕಾಗಬಹುದು. ನಗರದ ಮಹಡಿಯ ಕುಂಬಾರನಿಗೂ ಹಳ್ಳಿಯ ಕುಂಬಾರನಿಗೂ ಇಂದು ಮಾತಿಲ್ಲ ಕತೆಯಿಲ್ಲ. ಮಾತು ಬೆಳೆಯಲು ಇದಕ್ಕಿಂತ ಒಳ್ಳೆಯ ವಿಷಯ ನನಗೆ ತೋರದು.

ಕೊಳ್ಳುವವರಿಗೂ ನನ್ನದೊಂದು ಬಿನ್ನಹ. ಬಟ್ಟಲನ್ನು ಆರಿಸುವಾಗ ಬಣ್ಣ ನೋಡಿರಿ, ಬೇಡವೆನ್ನುವುದಿಲ್ಲ. ಅದರೊಡನೆ ಮೂರು ಪ್ರಶ್ನೆಗಳನ್ನು ಕೇಳಿರಿ: ಯಾವ ಕೋನಿಗೆ ಸುಟ್ಟಿದ್ದೀರಿ? ಮೈ ಎಷ್ಟು ನೀರು ಕುಡಿಯುತ್ತದೆ? ಹುಳಿಗೆ ಇಟ್ಟು ನೋಡಿದ್ದೀರಾ? ಬಲ್ಲ ಕುಂಬಾರನು ಈ ಪ್ರಶ್ನೆಗಳಿಂದ ಮುನಿಯುವುದಿಲ್ಲ. ತನ್ನ ಕೆಲಸವನ್ನು ಅರಿತು ಕೇಳುವವರು ಸಿಕ್ಕರೆಂದು ಸಂತೋಷಪಡುತ್ತಾನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಗಾದೆ. ಆ ವರುಷದ ದುಡಿಮೆಯನ್ನು ಅಂಗೈಯಲ್ಲಿ ಹಿಡಿದು ನಾಲ್ಕು ನಿಮಿಷ ವಿಚಾರಿಸುವುದು ಸಹೃದಯನ ಕರ್ತವ್ಯ. ಒಳ್ಳೆಯ ಓದುಗರಿಲ್ಲದೆ ಒಳ್ಳೆಯ ಕಾವ್ಯ ಬಾಳದು. ಒಳ್ಳೆಯ ಬಳಕೆದಾರರಿಲ್ಲದೆ ಒಳ್ಳೆಯ ಬಟ್ಟಲೂ ಬಾಳದು.